ಯಾವ ಕಡೆಯಿಂದ ಬಂತು

9 ಫೆಬ್ರವರಿ 1997

ಪ್ರೀತಿಯ ಪುಟ್ಟಿ,

ಮಗು ಹೋಗಿ ಇಂದಿಗೆ ಹನ್ನೆರಡು ದಿನ. ನಿಮ್ಮಣ್ಣ ಫೋನಿನಲ್ಲಿ ಹೇಳಿದ್ದಷ್ಟೇ ನಿನಗೆ ಗೊತ್ತಿರುತ್ತದೆ. ಅವರು ಫೋನು ಹಿಡಿದರೆ ನಾಲ್ಕು ಮಾತಿಗೆ ಐದನೆಯದು ಸೇರಿಸುವವರಲ್ಲ. ಉಳಿದದ್ದನ್ನು ನಾನು ಬರೆಯುತ್ತೇನೆ. ಈ ಮನೆಯಲ್ಲಿ ಅದನ್ನು ಕೇಳುವ ಕಿವಿ ಇಲ್ಲ.

ಹಾಲು ಕುಡಿಯುವಾಗ ಅವಳ ಹಣೆ ಬೆವರುತ್ತಿತ್ತು. ನಾಲ್ಕು ಗುಟುಕು ಕುಡಿದು ಬಿಟ್ಟುಬಿಡುವಳು, ಗುಡ್ಡ ಹತ್ತಿ ಬಂದವಳ ಹಾಗೆ ಏದುಸಿರು ಬಿಡುವಳು. ನಮ್ಮ ಬೀದಿಯ ಡಾಕ್ಟರು ನೆಗಡಿ ಎಂದರು. ಎರಡನೆಯ ಸಲ ಹೋದಾಗಲೂ ನೆಗಡಿ ಎಂದರು. ಐದು ತಿಂಗಳು ತುಂಬುವ ಹೊತ್ತಿಗೆ ಉಗುರು ನೀಲಿಗಟ್ಟಿತು. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಎದೆಯ ಮೇಲೆ ಯಂತ್ರ ಇಟ್ಟು ನೋಡಿ, ಒಂದು ಚೀಟಿಯ ಹಿಂದೆ ಹೃದಯದ ಚಿತ್ರ ಬರೆದು ತೋರಿಸಿದರು. ಒಳಗೆ ನಾಲ್ಕು ಕೋಣೆ, ನಡುವೆ ಗೋಡೆ. ಆ ಗೋಡೆ ಗರ್ಭದಲ್ಲಿ ಏಳೆಂಟು ವಾರದೊಳಗೆ ಕೂಡಿಕೊಳ್ಳಬೇಕಿತ್ತಂತೆ. ಕೂಡಿರಲೇ ಇಲ್ಲ. ತಿಂಗಳ ಕೂಸಾಗಿದ್ದಾಗ ತಂದಿದ್ದರೆ ಆಪರೇಷನ್ ಮಾಡಿ ನೋಡಬಹುದಿತ್ತು ಎಂದರು.

ಮೂರನೆಯ ದಿನ ಮಧ್ಯಾಹ್ನ ನರ್ಸು ಹಾಸಿಗೆಯ ಬಟ್ಟೆ ಬದಲಿಸಲೆಂದು ಅವಳನ್ನು ನನ್ನ ಕೈಗೆ ಕೊಟ್ಟಳು. ನನ್ನ ಕೈಯಲ್ಲೇ ಹೋದಳು. ನನ್ನ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿದ್ದಳು. ಬೆರಳು ಬಿಡಿಸಲು ನನ್ನಿಂದ ಆಗಲಿಲ್ಲ, ನರ್ಸೇ ಬಿಡಿಸಿದಳು.

ಬಸುರಿಯಾಗಿದ್ದಾಗ ನಾನು ಪಂಪ್‌ಹೌಸಿನ ಕೆಲಸ ಬಿಡಲಿಲ್ಲ, ನೀರಿನ ಟ್ಯಾಂಕಿನ ಏಣಿ ಹತ್ತಿದೆ, ವಾಲ್ವಿನ ಚಕ್ರ ತಿರುಗಿಸಿದೆ, ಅದಕ್ಕೇ ಹೀಗಾಯಿತು ಎಂದು ಅತ್ತೆ ಬಂದಬಂದವರ ಮುಂದೆ ಹೇಳುತ್ತಿದ್ದಾರೆ. ನನ್ನ ಮುಖ ನೋಡಿ ಹೇಳುವುದಿಲ್ಲ, ಗೋಡೆಗೆ ಹೇಳಿದ ಹಾಗೆ ಹೇಳುತ್ತಾರೆ. ನಿಮ್ಮಣ್ಣ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಾರೆ.

ನೀನು ಹೃದಯದ ಮೇಲೇ ಕೆಲಸ ಮಾಡುವವಳು. ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ. ಏಣಿ ಹತ್ತಿದ್ದರಿಂದ ಆಯಿತೇ? ಸಮಾಧಾನದ ಮಾತು ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳು.

ನಿನ್ನ ಅತ್ತಿಗೆ


20 ಫೆಬ್ರವರಿ 1997

ಅತ್ತಿಗೆ,

ಏಣಿಯಿಂದ ಅಲ್ಲ. ನೀವು ಕೇಳಿದ್ದು ಅದನ್ನೇ, ಆದ್ದರಿಂದ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಅಮ್ಮನಿಗೂ ಓದಿ ಹೇಳಿ.

ನಿಮ್ಮ ಪತ್ರವನ್ನು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಓದಿದೆ. ಒಳಗೆ ಎಲ್ಲರೂ ಇದ್ದರು. ನಾನು ಅವಳನ್ನು ಒಂದೇ ಸಲ ನೋಡಿದ್ದು, ಅದೂ ಮೂರು ದಿನ. ನನ್ನ ಕಿರುಬೆರಳನ್ನು ಬಾಯಿಗೆ ಹಾಕಿಕೊಂಡು ನಿದ್ದೆ ಹೋಗಿದ್ದಳು. ಹೃದಯವನ್ನೇ ಓದಿದವಳು ಪಕ್ಕದಲ್ಲಿ ಕೂತಿದ್ದೆ, ನನಗೂ ಏನೂ ಗೊತ್ತಾಗಲಿಲ್ಲ.

ನನ್ನ ಕೆಲಸ ಏನೆಂದು ನಿಮಗೆ ಸರಿಯಾಗಿ ಯಾವತ್ತೂ ಹೇಳಿಲ್ಲ. ಇಲ್ಲಿ ಗಾಜಿನ ತೊಟ್ಟಿಗಳಲ್ಲಿ ಬೆರಳುದ್ದವೂ ಇಲ್ಲದ ಪಟ್ಟೆಮೀನುಗಳಿವೆ. ಅವುಗಳ ಮೊಟ್ಟೆ, ಮರಿ ಎರಡೂ ಗಾಜಿನ ಹಾಗೆ. ಒಂದು ದಿನ ತುಂಬುವುದರೊಳಗೆ ಹೃದಯ ಬಡಿಯುವುದು ಹೊರಗಿನಿಂದಲೇ ಕಾಣುತ್ತದೆ. ಹೃದಯ ಕಟ್ಟುವ ಜೀನುಗಳು ಹಲವಾರಿವೆ. ಅವುಗಳಲ್ಲಿ ಒಂದರ ಬೆನ್ನು ಹತ್ತಿ ನಾನು ಐದು ವರ್ಷದಿಂದ ಕೂತಿದ್ದೇನೆ. ಆ ಜೀನಿನ ಮುಂದೆ ಪ್ರೊಮೋಟರ್ ಎಂಬ ಒಂದು ತುಂಡು ಇದೆ. ಅದು ತಾನಾಗಿ ಏನನ್ನೂ ಕಟ್ಟುವುದಿಲ್ಲ. ಜೀನು ಯಾವಾಗ, ಎಲ್ಲಿ, ಎಷ್ಟು ಕೆಲಸ ಮಾಡಬೇಕೆಂದು ನಿರ್ಧರಿಸುತ್ತದೆ. ನೀವು ವಾಲ್ವು ತಿರುಗಿಸುತ್ತೀರಲ್ಲ, ಹಾಗೆ. ನೀರು ನಿಮ್ಮದಲ್ಲ, ಕೊಳಾಯಿ ನಿಮ್ಮದಲ್ಲ, ಆದರೆ ನೀವು ತಿರುಗಿಸದಿದ್ದರೆ ಯಾವ ಬೀದಿಗೂ ಹನಿ ಇಲ್ಲ.

ಈ ತುಂಡನ್ನು ಮೀನು, ಕೋಳಿ, ಇಲಿ, ಮನುಷ್ಯ ನಾಲ್ಕರಲ್ಲೂ ಓದಿ ಪಕ್ಕಪಕ್ಕ ಇಟ್ಟು ನೋಡಿದೆವು. ಹೆಚ್ಚಿನದೆಲ್ಲ ಒಂದಕ್ಕೊಂದು ಸಂಬಂಧವೇ ಇಲ್ಲ. ಮೂರು ಚಿಕ್ಕ ತುಣುಕುಗಳು ಮಾತ್ರ, ಹತ್ತು ಹನ್ನೆರಡು ಅಕ್ಷರದವು (ಜೀನುಗಳೆಲ್ಲ ನಾಲ್ಕೇ ಅಕ್ಷರದ ಬರಹ), ಅಕ್ಷರಕ್ಕೆ ಅಕ್ಷರ ಒಂದೇ. ಮೀನಿನ ವಂಶ, ನಮ್ಮ ವಂಶ ಬೇರೆಯಾಗಿ ನಲವತ್ತು ಕೋಟಿ ವರ್ಷದ ಮೇಲಾಯಿತು. ಅಷ್ಟು ಕಾಲ ಎಲ್ಲ ಬದಲಾಗಿ ಇವು ಮೂರು ಬದಲಾಗಿಲ್ಲ ಎಂದರೆ, ಇವನ್ನು ಬದಲಿಸಿಕೊಂಡವರು ಉಳಿಯಲಿಲ್ಲ ಎಂದು ಅರ್ಥ. ಈ ಸಾಲು ಬರೆದ ಮೇಲೆ ಹೊಡೆದುಹಾಕೋಣ ಎನಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದಿದ್ದೀರಿ, ಬಿಟ್ಟಿದ್ದೇನೆ.

ಮಗುವಿನ ರಕ್ತ ಆಸ್ಪತ್ರೆಯಲ್ಲಿ ಇನ್ನೂ ಇರಬಹುದು. ಡಾಕ್ಟರಮ್ಮನಿಗೆ ಬೇರೆ ಪತ್ರ ಇಟ್ಟಿದ್ದೇನೆ. ಅದರ ಜೊತೆ ನಿಮ್ಮದು, ಅಣ್ಣನದು ಒಂದೊಂದು ಸೀಸೆ ಬೇಕು. ಹೋಲಿಸಿ ನೋಡಲು ಹತ್ತು ಜನ ಆರೋಗ್ಯವಂತರ ರಕ್ತ ಇಲ್ಲೇ ತೆಗೆಯುತ್ತೇವೆ, ಅದರಲ್ಲಿ ನನ್ನದೂ ಒಂದು. ಏನಾದರೂ ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಾರೆ. ಹುಡುಕುತ್ತೇನೆ.

ನಿಮ್ಮ ಪುಟ್ಟಿ


16 ಮಾರ್ಚ್ 1997

ಪುಟ್ಟಿ,

ಮೂರೂ ಸೀಸೆ ನಿನ್ನೆ ಮಂಜುಗಡ್ಡೆಯ ಡಬ್ಬಿಯಲ್ಲಿ ಹೊರಟವು. ಡಾಕ್ಟರಮ್ಮ ತಾವೇ ನಿಂತು ಕಟ್ಟಿಸಿದರು. ನಿಮ್ಮಣ್ಣ ಮೊದಲು ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದರು, ಆಮೇಲೆ ಬಂದರು. ದಿನವೆಲ್ಲ ಕಂಡವರ ಕಣ್ಣಿಗೆ ಕನ್ನಡಕ ಕೂರಿಸುವ ಮನುಷ್ಯ, ಸೂಜಿ ಕಂಡ ಕೂಡಲೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ನನಗೆ ನಗು ಬಂದುಬಿಟ್ಟಿತು. ಮಗು ಹೋದ ಮೇಲೆ ನಕ್ಕಿದ್ದು ಅದೇ ಮೊದಲು. ನಕ್ಕಮೇಲೆ, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದೆ.

ನಿನ್ನ ಮೊದಲ ಸಾಲನ್ನು ಅತ್ತೆಗೆ ಓದಿದೆ. "ಓದಿದವರು ಹೇಳೋದೆಲ್ಲ ಹೀಗೇ. ಏಣಿ ಹತ್ತಿದ್ದಂತೂ ಸುಳ್ಳಲ್ಲವಲ್ಲ" ಎಂದರು. ನಾನು ಕಾಗದ ಮಡಚಿ ಇಟ್ಟೆ.

ಕೆಲಸಕ್ಕೆ ಹೋಗುತ್ತಿದ್ದೇನೆ. ಮನೆಗಿಂತ ಪಂಪ್‌ಹೌಸು ವಾಸಿ, ಮೋಟಾರಿನ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ. ನೀನು ವಾಲ್ವಿನ ಮಾತು ಬರೆದೆಯಲ್ಲ, ನಮ್ಮ ಎಂಜಿನಿಯರರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೀಯ. ಏನು ಸಿಕ್ಕರೂ ನನಗೆ ನೇರವಾಗಿ ಬರೆ. ನಡುವೆ ಯಾರೂ ಬೇಡ.

ಅತ್ತಿಗೆ


8 ಜೂನ್ 1997

ಅತ್ತಿಗೆ,

ತಡವಾಯಿತು, ಕ್ಷಮಿಸಿ. ಏಪ್ರಿಲ್, ಮೇ ಪೂರ್ತಿ ಅದರಲ್ಲೇ ಕಳೆಯಿತು. ಒಮ್ಮೆ ಓದಿದ್ದನ್ನು ನಂಬದೆ ಮೂರು ಸಲ ಓದಿಸಿದೆ.

ಸಿಕ್ಕಿದೆ. ಮೂರು ತುಣುಕಿನಲ್ಲಿ ನಡುವಿನದರಲ್ಲಿ ಒಂದೇ ಒಂದು ಅಕ್ಷರ ಬೇರೆಯಾಗಿದೆ. ಮಗುವಿನ ರಕ್ತದಿಂದ ತೆಗೆದ ತುಂಡನ್ನು ಹಸಿರಾಗಿ ಹೊಳೆಯುವ ಒಂದು ಜೀನಿನ ಮುಂದೆ ಅಂಟಿಸಿ ಮೀನಿನ ಮೊಟ್ಟೆಗೆ ಹಾಕಿ ನೋಡಿದೆ. ಸರಿಯಾದ ತುಂಡು ಹಾಕಿದ ಮರಿಗಳ ಎದೆಯಲ್ಲಿ ಹಸಿರು ದೀಪ ಹಚ್ಚಿದ ಹಾಗಿರುತ್ತದೆ. ಈ ತುಂಡು ಹಾಕಿದವುಗಳಲ್ಲಿ ಕಣ್ಣು ಕಿರಿದು ಮಾಡಿ ಹುಡುಕಬೇಕು.

ಉಳಿದದ್ದು ಕಾಗದದಲ್ಲಿ ಬರೆಯುವ ಮಾತಲ್ಲ. ಅಣ್ಣನಿಗೆ ವಿವರವಾಗಿ ಬರೆದಿದ್ದೇನೆ. ಅವನು ನಿಮ್ಮೆದುರು ಕೂತು ಹೇಳುತ್ತಾನೆ. ಅವನೇ ಹೇಳುವುದು ಸರಿ ಎಂದು ನನಗೆ ತೋರಿತು. ನಡುವೆ ಯಾರೂ ಬೇಡ ಎಂದಿದ್ದಿರಿ, ಗೊತ್ತು. ಆದರೆ ಅವನು ನಡುವಿನವನಲ್ಲವಲ್ಲ.

ನಿಮ್ಮ ಪುಟ್ಟಿ


2 ಜುಲೈ 1997

ಪುಟ್ಟಿ,

ನಿಮ್ಮಣ್ಣ ಎಲ್ಲ ಹೇಳಿದರು. ಭಾನುವಾರ ಸಂಜೆ ಅಡ್ಡಾಡಿ ಬರೋಣ ಎಂದು ಪಾರ್ಕಿಗೆ ಕರೆದುಕೊಂಡು ಹೋದರು. ಮದುವೆಯಾಗಿ ಎಂಟು ವರ್ಷದಲ್ಲಿ ಅವರು ತಾವಾಗಿ ಅಡ್ಡಾಡೋಣ ಎಂದದ್ದು ಅದೇ ಮೊದಲು. ಇದು ರಕ್ತದಲ್ಲಿ ಬಂದದ್ದು, ಯಾರೂ ಬೇಕೆಂದು ಮಾಡಿದ್ದಲ್ಲ ಎಂದರು. ಆಮೇಲೆ ಬೆಂಚಿನ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ, ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಅಳುವವರನ್ನು ಏನಂತ ಕೇಳುವುದು? ಹೆಚ್ಚು ಕೇಳಲಿಲ್ಲ.

ನಿನ್ನನ್ನು ಒಂದು ಕೇಳಬೇಕು. ಇನ್ನೊಂದು ಮಗುವಾದರೆ ಅದಕ್ಕೂ ಬರುತ್ತದೆಯೇ?

ಅತ್ತಿಗೆ


19 ಜುಲೈ 1997

ಅತ್ತಿಗೆ,

ನಿಮ್ಮ ಪತ್ರ ಓದಿ ಎಷ್ಟೋ ದಿನದ ಮೇಲೆ ನೆಟ್ಟಗೆ ಉಸಿರಾಡಿದೆ. ಅವನು ಹೇಳುತ್ತಾನೋ ಇಲ್ಲವೋ ಎಂದು ಹೆದರಿದ್ದೆ. ಹೇಳಿದನಲ್ಲ, ನೀವು ಕೇಳಿಸಿಕೊಂಡಿರಲ್ಲ, ಅಷ್ಟು ಸಾಕು. ಇಷ್ಟು ಶಾಂತವಾಗಿ ತೆಗೆದುಕೊಂಡದ್ದು ನಿಮ್ಮ ದೊಡ್ಡ ಮನಸ್ಸು.

ನೀವು ಕೇಳಿದ್ದಕ್ಕೆ ಉತ್ತರ: ಬರಲೂಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ. ಬಂದರೂ ಎಲ್ಲರಿಗೂ ಹೃದಯ ಕೆಡಬೇಕೆಂದಿಲ್ಲ. ಅದನ್ನು ಹೊತ್ತವರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಾರೆ, ತಮ್ಮಲ್ಲಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಹೊತ್ತವರ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ. ದಯವಿಟ್ಟು ಯಾರನ್ನೂ ದೂರಬೇಡಿ, ಮನಸ್ಸಿನೊಳಗೂ ದೂರಬೇಡಿ. ಇಬ್ಬರೂ ಸೇರಿ ನಿರ್ಧಾರ ಮಾಡಿ, ಅವಸರ ಬೇಡ.

ಪುಟ್ಟಿ


21 ಡಿಸೆಂಬರ್ 1997

ಪುಟ್ಟಿ,

ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ತಿಳಿಸುತ್ತಿದ್ದೇನೆ. ನಿಮ್ಮಣ್ಣನೂ ನಾನೂ ಬೇರೆಯಾಗುತ್ತಿದ್ದೇವೆ. ಮಾತೆತ್ತಿದ್ದು ನಾನೇ. ಅವರು ಬೇಡ ಎಂದರು, ಎರಡು ತಿಂಗಳು ಬೇಡ ಬೇಡ ಎಂದರು, ಆಮೇಲೆ ಒಪ್ಪಿದರು. ಜಗಳವಿಲ್ಲ. ಪಂಪ್‌ಹೌಸಿನ ಹಿಂದೆ ನೌಕರರ ಮನೆ ಒಂದು ಖಾಲಿ ಇತ್ತು, ಅಲ್ಲಿಗೆ ಬಂದಿದ್ದೇನೆ. ಒಂದು ಕೋಣೆ, ಒಂದು ಕಿಟಕಿ. ಕಿಟಕಿಗೆ ಟ್ಯಾಂಕು ಅಡ್ಡ ಬರುತ್ತದೆ, ಆದ್ದರಿಂದ ಬೇಸಿಗೆಯಲ್ಲೂ ತಂಪಾಗಿರುತ್ತದಂತೆ.

ಕಾರಣ ಕೇಳಬೇಡ. ನಿನಗೆ ಗೊತ್ತೇ ಇದೆ.

ಅತ್ತಿಗೆ


4 ಜನವರಿ 1998

ಅತ್ತಿಗೆ,

ಹೌದು, ಕಾರಣ ಗೊತ್ತಿದೆ. ಗೊತ್ತಿರುವುದರಿಂದಲೇ ಸಹಿಸಲಾಗುತ್ತಿಲ್ಲ. ರಕ್ತದಲ್ಲಿರುವ ಒಂದು ಅಕ್ಷರಕ್ಕಾಗಿ ಒಂದು ಸಂಸಾರ ಮುರಿಯುತ್ತದೆ ಎಂದು ತಿಳಿದಿದ್ದರೆ ಆ ಸೀಸೆಗಳನ್ನು ಚರಂಡಿಗೆ ಚೆಲ್ಲಿಬಿಡುತ್ತಿದ್ದೆ. ಅದು ಯಾರಲ್ಲಿದ್ದರೇನು, ಇಬ್ಬರೂ ಸೇರಿ ಹೊರಬೇಕಿತ್ತು. ನೀವು ಹೊರಲಾರದೆ ಕೈಕೊಡವಿ ಎದ್ದಿರಿ. ನಿಮ್ಮದು ದೊಡ್ಡ ಮನಸ್ಸು ಎಂದು ಬರೆದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಇದಕ್ಕೆ ಉತ್ತರ ಬರೆಯದಿದ್ದರೂ ನಡೆಯುತ್ತದೆ.


11 ಮಾರ್ಚ್ 2000

ಪುಟ್ಟಿ,

ಉತ್ತರ ಬೇಡ ಎಂದಿದ್ದೆ ನೀನು, ನಾನು ಎರಡು ವರ್ಷ ಬರೆಯಲಿಲ್ಲ. ಈಗ ಒಂದು ಸಂತೋಷದ ಸುದ್ದಿ ಇರುವುದರಿಂದ ಬರೆಯುತ್ತಿದ್ದೇನೆ. ನಿನಗೆ ಆಗಲೇ ಗೊತ್ತಿರಬಹುದು.

ಹೋದ ವಾರ ನಮ್ಮ ಕಚೇರಿಯ ಕಿಟಕಿಗೆ ಒಬ್ಬ ಹೆಂಗಸು ದೂರು ಬರೆಸಲು ಬಂದಳು, ಮೇಲಿನ ಮಹಡಿಗೆ ನೀರು ಏರುತ್ತಿಲ್ಲ ಎಂದು. ಐದು ತಿಂಗಳ ಬಸುರಿ, ಕೊಡ ಹೊತ್ತು ಮೆಟ್ಟಿಲು ಹತ್ತಲಾಗುವುದಿಲ್ಲ ಎಂದಳು. ವಿಳಾಸ ಬರೆದುಕೊಳ್ಳುವಾಗ ನನ್ನ ಕೈ ನಿಂತಿತು. ನಾನು ಎಂಟು ವರ್ಷ ಬಾಳಿದ ಮನೆ, ನಿಮ್ಮಣ್ಣ ಮತ್ತೆ ಮದುವೆಯಾದ ಹುಡುಗಿ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಕೂರಿಸಿ ನೀರು ಕೊಟ್ಟೆ. ಒಳ್ಳೆಯ ಹುಡುಗಿ, ಮಾತಿಗೊಮ್ಮೆ ಅಕ್ಕ ಅಕ್ಕ ಎನ್ನುತ್ತಾಳೆ. ಅಂದಿನಿಂದ ಆ ಬೀದಿಯ ವಾಲ್ವನ್ನು ಇಪ್ಪತ್ತು ನಿಮಿಷ ಹೆಚ್ಚು ಬಿಡುತ್ತಿದ್ದೇನೆ. ಮೇಲಧಿಕಾರಿಗಳಿಗೆ ತಿಳಿದರೆ ನನಗೆ ನೋಟಿಸು ಬರುತ್ತದೆ, ಬರಲಿ.

ಈಗಲಾದರೂ ಹೇಳಿಬಿಡುತ್ತೇನೆ, ನೀನು ನನ್ನನ್ನು ಹೇಡಿ ಎಂದುಕೊಂಡಿರುವುದು ಬೇಡ. ನಾನು ಹೊರಟು ಬಂದದ್ದು ಇದಕ್ಕಾಗಿಯೇ. ಅಂದು ಪಾರ್ಕಿನಲ್ಲಿ ನಿಮ್ಮಣ್ಣ "ರಕ್ತದಲ್ಲಿ ಬಂದದ್ದು ಕಣೇ, ನಿನ್ನ ಮೇಲೆ ನನಗೇನೂ ಕೋಪ ಇಲ್ಲ" ಎಂದರು. ನನ್ನ ರಕ್ತ ಎಂದು ಅವರ ಬಾಯಲ್ಲಿ ಬರಲಿಲ್ಲ, ಪಾಪ, ನಾನೇ ತಿಳಿದುಕೊಂಡೆ. ಮಕ್ಕಳೆಂದರೆ ಅವರಿಗೆ ಪ್ರಾಣ, ನಿನಗೆ ಗೊತ್ತು. ಅವರದು ಶುದ್ಧವಾಗಿರುವಾಗ ನನ್ನದೊಂದಕ್ಕಾಗಿ ಅವರ ಮನೆ ಖಾಲಿ ಇರಬೇಕೇ? ನಾನು ಎದುರಿಗಿದ್ದರೆ ಅವರು ಬೇರೆ ಮದುವೆಯಾಗುವವರಲ್ಲ. ನನಗೂ ಮನಸ್ಸು ಚಂಚಲ, ಇನ್ನೊಂದು ಸಲ ನೋಡೋಣ ಎಂದು ಯಾವತ್ತಾದರೂ ಆಸೆ ಹುಟ್ಟಿಬಿಡುತ್ತದೆ ಎಂದು, ಅಲ್ಲಿಂದ ಹೊರಡುವ ಮೊದಲೇ ಆಸ್ಪತ್ರೆಗೆ ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡೆ. ನನ್ನಲ್ಲಿದ್ದದ್ದು ನನ್ನ ಜೊತೆಗೇ ಮುಗಿಯಲಿ.

ಈ ಮಗು ಗಟ್ಟಿಯಾಗಿ ಹುಟ್ಟುತ್ತದೆ. ನನ್ನ ಕಡೆಯದು ಏನೂ ಅದಕ್ಕಿಲ್ಲ. ನೀನು ಮತ್ತೆ ಸೋದರತ್ತೆಯಾಗುತ್ತೀಯ, ಈ ಸಲ ಮೂರೇ ದಿನ ಇದ್ದು ಓಡಿಹೋಗಬೇಡ.

ನಿನ್ನ ಅತ್ತಿಗೆ (ಹಾಗೆ ಬರೆಯಬಹುದಾದರೆ)


18 ಮಾರ್ಚ್ 2000

ಅತ್ತಿಗೆ,

ನಿಮ್ಮ ರಕ್ತದಲ್ಲಿ ಏನೂ ಇರಲಿಲ್ಲ.

ಇದನ್ನು ಬರೆಯಲು ಮೂರು ದಿನ ಹಿಡಿಯಿತು. ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ನಾನು ತಪ್ಪಾಗಿ ಓದುತ್ತಿದ್ದೇನೆ ಎಂದುಕೊಂಡೆ. ಇಲ್ಲ, ತಪ್ಪಾಗಿ ಓದಿದ್ದು ಮೂರು ವರ್ಷ. ನಿಮ್ಮಲ್ಲಿ ಆ ತುಣುಕು ಅಕ್ಷರಕ್ಕೆ ಅಕ್ಷರ ಸರಿಯಾಗಿತ್ತು. ಬದಲಾವಣೆ ಇದ್ದದ್ದು ಅಣ್ಣನಲ್ಲಿ, ನನ್ನಲ್ಲಿ.

ಎಲ್ಲಕ್ಕಿಂತ ಮೊದಲು ಸಿಕ್ಕಿದ್ದು ನನ್ನಲ್ಲಿಯೇ. ಆರೋಗ್ಯವಂತರು ಎಂದು ಆರಿಸಿದ ಹತ್ತು ಜನರಲ್ಲಿ ಒಂದು ಮಾತ್ರ ಬೇರೆ ಬಂತು. ಸೀಸೆಯ ಸಂಖ್ಯೆ ನೋಡಿದೆ, ನನ್ನದು. ಯಾರದೋ ಜೊತೆ ಅದಲು ಬದಲಾಗಿದೆ ಎಂದು ಮತ್ತೆ ರಕ್ತ ತೆಗೆದೆ. ಆಮೇಲೆ ಅಣ್ಣನದು, ಆಮೇಲೆ ಮಗುವಿನದು. ಅಪ್ಪ ನಲವತ್ತೊಂದನೆಯ ವಯಸ್ಸಿಗೆ ಮೆಟ್ಟಿಲ ಮೇಲೆ ಕುಸಿದು ಹೋದರಲ್ಲ, ಅವರಿಂದ ಬಂದಿರಬೇಕು. ಇಲ್ಲಿ ನನ್ನನ್ನು ಮದುವೆಯಾಗಲು ಒಬ್ಬರು ಕೇಳಿದ್ದರು. ಆ ವರ್ಷವೇ ಇಲ್ಲ ಎಂದುಬಿಟ್ಟೆ. ಯಾಕೆಂದು ಅವರಿಗೂ ಹೇಳಲಿಲ್ಲ. ಹೇಳದೆ ಇರುವುದು ನಮ್ಮ ಮನೆಯ ರೋಗ.

ಅಣ್ಣನಿಗೆ ಎಲ್ಲವನ್ನೂ ಬರೆದಿದ್ದೆ. ಅವನು ಪ್ರಯೋಗಾಲಯಕ್ಕೆ ಫೋನು ಮಾಡಿದ. "ನೀನು ಬರೀಬೇಡ ಪುಟ್ಟಿ, ನಾನೇ ಹೇಳ್ತೀನಿ. ಅಮ್ಮ ಇಷ್ಟು ದಿನ ಅವಳನ್ನ ಅಂದದ್ದೆಲ್ಲ ಇದೆ, ಈಗ ನಮ್ಮ ಕಡೆಯಿಂದಲೇ ಅಂತ ಗೊತ್ತಾದ್ರೆ ಅಮ್ಮ ಉಳಿಯೋದಿಲ್ಲ. ನಿಧಾನವಾಗಿ ಹೇಳ್ತೀನಿ" ಎಂದ. ಅಪ್ಪ ಹೋದ ಮೇಲೆ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವನು. ಇಲ್ಲ ಎನ್ನಲಾಗಲಿಲ್ಲ. ಎಲ್ಲ ಹೇಳಿದರು ಎಂದು ನೀವು ಬರೆದಾಗ ನಂಬಿದೆ. ನಂಬುವುದು ಸುಲಭವಾಗಿತ್ತು. ನೀವು ಬಿಟ್ಟು ಹೋದಾಗ, ಅವನ ರಕ್ತಕ್ಕಾಗಿ ಅವನನ್ನು ಬಿಟ್ಟಿರಿ ಎಂದುಕೊಂಡು ಆ ಪತ್ರ ಬರೆದೆ. ಅವನ ರಕ್ತ ಎಂಬ ಎರಡು ಪದ ಬರೆದಿದ್ದರೆ ಅಂದೇ ಎಲ್ಲ ಹೊರಬೀಳುತ್ತಿತ್ತು. ನಿಮ್ಮನ್ನು ಇನ್ನಷ್ಟು ನೋಯಿಸುವುದು ಬೇಡ ಎಂದು, ಯಾರಲ್ಲಿದ್ದರೇನು ಎಂದು ಬರೆದೆ. ನನ್ನ ಜಾಣತನ ಇಷ್ಟೇ.

ಈಗ ಅವಸರದ ಮಾತು. ಆ ಹುಡುಗಿಯ ಹೊಟ್ಟೆಯಲ್ಲಿರುವ ಮಗುವಿಗೂ ಅರ್ಧಕ್ಕರ್ಧ. ಈಗ ಹೊಟ್ಟೆಯಲ್ಲಿರುವಾಗಲೇ ಹೃದಯ ನೋಡುವ ಸ್ಕ್ಯಾನ್ ಇದೆ. ಮೊದಲೇ ಗೊತ್ತಾದರೆ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿ ಕೂಡಲೇ ಆಪರೇಷನ್ ಮಾಡಬಹುದು. ಅಣ್ಣನಿಗೆ ಈ ಮದುವೆಯ ಮೊದಲೇ ಹೇಳಿದ್ದೆ, ಅವಳಿಗೆ ತಿಳಿಸು ಎಂದು. ತಿಳಿಸಿದ್ದೇನೆ ಎಂದಿದ್ದ. ನಿನ್ನೆಯಿಂದ ಅವನು ಫೋನು ಎತ್ತುತ್ತಿಲ್ಲ. ಅಮ್ಮ ಎತ್ತಿ, ನನ್ನ ಮಾತು ಕೇಳಿಸಿತೋ ಇಲ್ಲವೋ, ಅವನು ಅಂಗಡಿಯಲ್ಲಿದ್ದಾನೆ ಎನ್ನುತ್ತಾರೆ.

ನಿಮ್ಮನ್ನು ಕೇಳುವ ಮುಖ ನನಗಿಲ್ಲ. ಆದರೂ ಆ ಊರಿನಲ್ಲಿ ನನಗೆ ಬೇರೆ ಯಾರೂ ಇಲ್ಲ. ವರದಿಯ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಪುಟ್ಟಿ


6 ಏಪ್ರಿಲ್ 2000

ನಿನ್ನ ಪತ್ರ ಕೆಲಸದ ಹೊತ್ತಿನಲ್ಲಿ ಬಂತು. ಮೋಟಾರಿನ ಪಕ್ಕದ ಸ್ಟೂಲಿನ ಮೇಲೆ ಕೂತು ಓದಿದೆ. ಎದ್ದಾಗ ಹನ್ನೊಂದೂವರೆ. ಮೂಡಣ ಬೀದಿಗಳಿಗೆ ಹತ್ತು ಗಂಟೆಗೆ ಬಿಡಬೇಕಾದ ನೀರು ಬಿಟ್ಟಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲನೆಯ ಸಲ.

ಅಲ್ಲಿಂದ ನೇರ ಕನ್ನಡಕದ ಅಂಗಡಿಗೆ ಹೋದೆ. ನಿಮ್ಮಣ್ಣ ಒಬ್ಬ ಮುದುಕರಿಗೆ ಗೋಡೆಯ ಅಕ್ಷರ ಓದಿಸುತ್ತಿದ್ದರು. ಅವರು ಮುಗಿಸಿ ಹೋಗುವ ತನಕ ಬೆಂಚಿನಲ್ಲಿ ಕಾದೆ. ಆಮೇಲೆ ವರದಿಯನ್ನು ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಏನಿದೆಯೆಂದು ಅವರಿಗೆ ಗೊತ್ತಿತ್ತು.

"ನಾನು ಸುಳ್ಳು ಹೇಳಲಿಲ್ಲ. ರಕ್ತದಲ್ಲಿ ಬಂದದ್ದು ಅಂದೆ. ಯಾರದು ಅಂತ ನೀನು ಕೇಳಲಿಲ್ಲ" ಎಂದರು.

"ನಾನು ಕೇಳಲಿಲ್ಲ, ನಿಜ" ಎಂದೆ. "ನಾನು ಪೆಟ್ಟಿಗೆ ಕಟ್ಟುವಾಗ ನೀವು ಬಾಗಿಲಲ್ಲೇ ನಿಂತಿದ್ದಿರಿ. ಆಗಲಾದರೂ ಹೇಳಬಹುದಿತ್ತು."

ಅವರು ಒರೆಸುವ ಬಟ್ಟೆ ತೆಗೆದುಕೊಂಡು ಒಂದು ಖಾಲಿ ಕನ್ನಡಕವನ್ನು ಒರೆಸತೊಡಗಿದರು. ಗಾಜೇ ಇಲ್ಲದ ಚೌಕಟ್ಟು. ಒರೆಸುತ್ತಲೇ ಇದ್ದರು. ನನಗೆ ಸಿಟ್ಟು ಬರುತ್ತದೆ ಎಂದುಕೊಂಡು ಹೋಗಿದ್ದೆ, ಬರಲಿಲ್ಲ. ಇಷ್ಟು ಹೆದರುಪುಕ್ಕಲ ಮನುಷ್ಯನ ಜೊತೆ ಎಂಟು ವರ್ಷ ಮಲಗಿ ಎದ್ದೆನಲ್ಲ, ಒಂದು ದಿನವೂ ಗೊತ್ತಾಗಲಿಲ್ಲವಲ್ಲ ಎನಿಸಿತು. ಹೆಂಡತಿಗೆ ಹೇಳಿದ್ದೀರಾ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. ಇಲ್ಲ.

ಅವಳಿಗೆ ನಾನೇ ಹೇಳಿದೆ. ಆ ಮನೆಯ ಮೆಟ್ಟಿಲು ಹತ್ತಿದೆ. ಅತ್ತೆ ಒಳಗೆ ಮಲಗಿದ್ದರು, ಕಿವಿ ಮಂದವಾಗಿದೆಯಂತೆ, ಏಳಲಿಲ್ಲ. ಹುಡುಗಿ ನೀರಿನ ವಿಷಯಕ್ಕೆ ಬಂದೆ ಎಂದುಕೊಂಡು, ಈಗ ಚೆನ್ನಾಗಿ ಏರುತ್ತಿದೆ ಅಕ್ಕ ಎಂದಳು. ನಾನು ಯಾರೆಂದು ಮೊದಲು ಹೇಳಿದೆ, ಆಮೇಲೆ ಮಗುವಿನ ವಿಷಯ. ಹಳೆಯ ಹೆಂಡತಿ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಎಂದು ಬಾಗಿಲು ತೋರಿಸುತ್ತಾಳೆ ಎಂದುಕೊಂಡಿದ್ದೆ. ಅವಳು ವರದಿಯನ್ನು ಎರಡು ಸಲ ಓದಿದಳು. ಕೊನೆಗೆ "ನಿಮ್ಮ ಮಗು ಎಷ್ಟು ದಿನ ಇತ್ತು ಅಕ್ಕ?" ಎಂದು ಕೇಳಿದಳು. ನೂರ ಐವತ್ತೆಂಟು ದಿನ ಎಂದೆ. ಮೂರು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನೀನೂ ಕೇಳಲಿಲ್ಲ.

ಮೊನ್ನೆ ಸ್ಕ್ಯಾನ್ ಆಯಿತು. ಗೋಡೆ ಕೂಡಿಲ್ಲ. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲಿ.


14 ಆಗಸ್ಟ್ 2000

ಪುಟ್ಟಿ,

ನಿನ್ನ ನಾಲ್ಕು ಪತ್ರಗಳೂ ತಲುಪಿವೆ. ಒಡೆದು ಓದಿದ್ದೇನೆ. ಉತ್ತರ ಬರೆಯಲು ಕೂತಾಗಲೆಲ್ಲ ಬರೆಯುವುದು ಬೇರೆಯೇ ಆಗುತ್ತಿತ್ತು, ಹರಿದು ಹಾಕಿದೆ.

ಗಂಡು ಮಗು, ಜುಲೈ ಹನ್ನೆರಡಕ್ಕೆ. ಒಂಬತ್ತನೆಯ ದಿನ ಆಪರೇಷನ್. ಐದು ಗಂಟೆ ಹಿಡಿಯಿತು. ನಿಮ್ಮಣ್ಣ ಹೊರಗೆ ಅಡ್ಡಾಡುತ್ತಿದ್ದರು, ನಾನೂ ಆ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಅವಳು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ, ಬೆರಳು ಮರಗಟ್ಟಿ ಹೋದವು. ಈಗ ಮಗು ಮನೆಗೆ ಬಂದಿದೆ. ತೂಕ ಮೂರು ಕಿಲೋ ಆರು ನೂರು. ಬದುಕುತ್ತಾನೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅವರು ಸುಮ್ಮಸುಮ್ಮನೆ ಹಾಗೆ ಹೇಳುವವರಲ್ಲ.

ಡಾಕ್ಟರಮ್ಮನ ವಿಷಯ ಹೇಳಬೇಕು. ಸ್ಕ್ಯಾನಿನ ದಿನ ನಿನ್ನ ವರದಿ ತೋರಿಸಿದಾಗ ಅವರು ಕಪಾಟಿನಿಂದ ಒಂದು ಪತ್ರಿಕೆ ತೆಗೆದರು. ಈ ಸಂಶೋಧನೆಯನ್ನು ಹೋದ ವರ್ಷವೇ ಓದಿದ್ದೇನೆ, ಇದು ನಿಮ್ಮದೇ ಮನೆಯದೆಂದು ಹೊಳೆಯಲಿಲ್ಲ ಎಂದರು. ಅದರಲ್ಲಿ ನಮ್ಮ ವಂಶದ ಒಂದು ಚಿತ್ರ ಇದೆ, ನೀನೇ ಬರೆದದ್ದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಬದಲಾವಣೆ ಇರುವವರಿಗೆ ಕಪ್ಪು ತುಂಬಿದೆ. ನಿಮ್ಮಣ್ಣ ಕಪ್ಪು ಚೌಕ. ನೀನು ಕಪ್ಪು ವೃತ್ತ. ಕೆಳಗೆ ಒಂದು ಚಿಕ್ಕ ಕಪ್ಪು ವೃತ್ತ, ಅದರ ಮೇಲೆ ಅಡ್ಡಗೀಟು, ಅಡ್ಡಗೀಟು ಎಂದರೆ ತೀರಿಕೊಂಡವರಂತೆ. ಅವಳು. ನಿಮ್ಮಣ್ಣನ ಪಕ್ಕದಲ್ಲಿ ಒಂದು ಖಾಲಿ ವೃತ್ತ. ಇದು ನೀವು, ನಿಮ್ಮಲ್ಲಿ ಏನೂ ಇಲ್ಲ ಎಂದು ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು.

ಹೋದ ವರ್ಷ ಅದು ಅಚ್ಚಾಗಿದೆ ಪುಟ್ಟಿ. ಎಲ್ಲೆಲ್ಲಿಯದೋ ಗ್ರಂಥಾಲಯಗಳಲ್ಲಿ ಯಾರು ಯಾರೋ ಅದನ್ನು ನೋಡಿದ್ದಾರೆ. ನನ್ನ ಮುಖ ಕಾಣದವರಿಗೆಲ್ಲ ಗೊತ್ತಿತ್ತು, ಆ ಹೆಂಗಸಿನ ಕಡೆಯಿಂದ ಬಂದದ್ದಲ್ಲ ಎಂದು. ನಾನು ಮಾತ್ರ ಪಂಪ್‌ಹೌಸಿನ ಹಿಂದಿನ ಕೋಣೆಯಲ್ಲಿ ಕೂತು, ನನ್ನ ಮಗುವನ್ನು ನಾನೇ ಕೊಂದೆ ಎಂದುಕೊಳ್ಳುತ್ತಿದ್ದೆ.

ನನಗೀಗ ಮೂವತ್ತೇಳು. ನನ್ನ ಆಪರೇಷನ್ ಮಾಡಿದವರ ಹತ್ತಿರ ಹೋಗಿ, ಅದನ್ನು ಮತ್ತೆ ಸರಿಮಾಡಲಾಗುತ್ತದೆಯೇ ಎಂದು ಕೇಳಿದೆ. ನನ್ನ ವಿಷಯದಲ್ಲಿ ಆಗುವುದಿಲ್ಲ ಎಂದರು. ಕೇಳಬಾರದಿತ್ತು. ಅಲ್ಲಿ ಹೊರಗಿನ ಬೆಂಚಿನಿಂದ ಎದ್ದು ಬರಲು ಬಹಳ ಹೊತ್ತಾಯಿತು.

ಕ್ಷಮಿಸಿ ಎಂದು ನಾಲ್ಕೂ ಪತ್ರದಲ್ಲಿ ಬರೆದಿದ್ದೀಯ. ನೀನು ಹುಡುಕಿದ್ದರಿಂದಲೇ ಈ ಮಗು ಬದುಕಿದೆ. ಅದನ್ನು ನಾನು ಯಾರ ಮುಂದೆಯಾದರೂ ಹೇಳುತ್ತೇನೆ. ಕ್ಷಮಿಸಿದ್ದೇನೆ ಎಂದು ಮಾತ್ರ ಹೇಳಲು ಬಾಯಿ ಬರುತ್ತಿಲ್ಲ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಿದರೆ ನಾನೂ ನಿಮ್ಮ ಮನೆಯವಳೇ ಆಗುತ್ತೇನೆ.

ಮಗುವಿನ ಸುದ್ದಿಯನ್ನು ಇನ್ನು ಮೇಲೆ ಅವನ ತಾಯಿ ನಿನಗೆ ಬರೆಯುತ್ತಾಳೆ, ವಿಳಾಸ ಕೊಟ್ಟಿದ್ದೇನೆ. ಅವಳೇ ಕೇಳಿ ಬರೆದುಕೊಂಡಳು.

ಅತ್ತೆಗೆ ಇನ್ನೂ ಯಾರೂ ಹೇಳಿಲ್ಲ. ನಿಮ್ಮಣ್ಣ ಹೇಳುವುದಿಲ್ಲ. ಆ ಹುಡುಗಿಯ ತಲೆಯ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ. ನೀನು ಬಂದು ಹೇಳು. ಪತ್ರದಲ್ಲಿ ಬೇಡ. ಎರಡು ದಿನದ ರೈಲು ತಾನೇ, ಹತ್ತಿ ಬಾ. ನಿಮ್ಮಮ್ಮನ ಎದುರು ಕೂತು, ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳು, ನಮ್ಮ ಕಡೆಯಿಂದ ಬಂದದ್ದು ಎಂದು.

ಹೇಳಿಯಾದ ಮೇಲೆ ನನ್ನ ಮನೆಯ ಕಡೆ ಬರಬೇಡ. ಬಂದು ಬಾಗಿಲು ತಟ್ಟಿದರೆ ನಾನು ತೆಗೆದುಬಿಡುತ್ತೇನೆ.